ಕತ್ತರಿ ಹಾಕದ ಬೊಂತೆ

ಹಳೆಯ ಸಾಮಾನು ಯಾವುದೇ ಕೈಗೆ ಬರಲಿ, ದೇವೀರಮ್ಮತ್ತೆ ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಟ್ರಂಕಾಗಲಿ, ಕಾಲು ಮುರಿದ ಮಣೆಯಾಗಲಿ, ಬಾಯಿ ಒಡೆದ ಉಪ್ಪಿನಕಾಯಿ ಜಾಡಿಯಾಗಲಿ, ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುವರು. ಹುಣಸೂರಿನ ಗುಜರಿ ಅಂಗಡಿಯ ಮುಂದೆ, ಹೋಗಿ ಬರುವ ಜನರೆದುರಿಗೇ, ಐವತ್ತು ದಾಟಿದ ಹೆಂಗಸೊಬ್ಬರು ತುಕ್ಕು ಹಿಡಿದ ಪೆಟ್ಟಿಗೆಯೊಳಗೆ ತಲೆ ತೂರಿಸಿಕೊಂಡು ನಿಂತಿದ್ದನ್ನು ಕಂಡು ಹೊಸಬರು ನಗುತ್ತಿದ್ದರು. ಅತ್ತೆ ತಲೆ ಈಚೆ ತೆಗೆದು, "ಇದ್ರಲ್ಲಿ ಯಾರೋ ಮದ್ವೆ ಸೀರೆ ಇಟ್ಟಿದ್ರು ಕಣ್ ಮಗ. ನುಸಿಗುಳಿಗೆ ವಾಸ್ನೆ ಇನ್ನೂ ಅದೆ" ಎನ್ನುವರು. ನಿಜವೋ ಸುಳ್ಳೋ ಯಾರಿಗೆ ಗೊತ್ತು? ಅವರು ಹಾಗೆ ಹೇಳಿಬಿಟ್ಟ ಮೇಲೆ ಆ ಪೆಟ್ಟಿಗೆ ಬರಿಯ ಪೆಟ್ಟಿಗೆಯಾಗಿ ಉಳಿಯುತ್ತಿರಲಿಲ್ಲ.

ಅವರು ನನಗೆ ಸಂಬಂಧದಲ್ಲಿ ಅತ್ತೆಯಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಮ್ಮಮ್ಮ ಸಾಸಿವೆ ಸಿಡಿಸಿದರೆ ಅವರು ಅತ್ತ ಕಡೆಯಿಂದ ಕೆಮ್ಮುತ್ತಿದ್ದರು. ಬೀದಿಯ ಚಿಕ್ಕವರಿಗೂ ದೊಡ್ಡವರಿಗೂ ಅವರು ಅತ್ತೆಯೇ. ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಗಂಡ ಚಿಕ್ಕಣ್ಣ ಮಾವ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಒಬ್ಬನೇ ಮಗ. ನಾನು ಆಗ ಟೀಚರ್ ಟ್ರೈನಿಂಗ್ ಮುಗಿಸಿ, ಕೆಲಸ ಸಿಗುವ ತನಕ ಇರಲಿ ಎಂದು ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಮಿಕ್ಕ ಹೊತ್ತೆಲ್ಲ ಅತ್ತೆಯ ಮನೆಯಲ್ಲೇ.

ಕೊಡಗಿನ ತೋಟದ ಬಂಗಲೆಗಳು ಕೈ ಬದಲಾದಾಗಲೆಲ್ಲ ಅಲ್ಲಿನ ಹಳೆಯ ಸಾಮಾನು ಲಾರಿ ಹತ್ತಿ, ಪಿರಿಯಾಪಟ್ಟಣ ದಾಟಿ ನಮ್ಮೂರಿಗೆ ಬಂದು ಬೀಳುತ್ತಿತ್ತು. ಗುಜರಿ ಅಂಗಡಿಯ ಬಾಷಾ ಭಾಯಿ ಅದರಲ್ಲಿ ಕಬ್ಬಿಣ ಬೇರೆ, ಹಿತ್ತಾಳೆ ಬೇರೆ ಮಾಡಿ, ಯಾರಿಗೂ ಬೇಡದ್ದನ್ನು ಅತ್ತೆಗೆಂದು ಎತ್ತಿಡುತ್ತಿದ್ದ. "ಅತ್ತೆ, ಒಂದ್ ಚೀಜ್ ಬಂದೈತೆ. ನಿಮ್ಗೇ ಅಂತ ಒಳ್ಗೆ ಇಟ್ಟಿದೀನಿ. ಬೇರೆ ಯಾರೂ ಇದ್ನ ಮೂಸಿ ಕೂಡ ನೋಡಲ್ಲ!" ಎಂದು ತಾನೇ ನಗುತ್ತಿದ್ದ. ಅತ್ತೆಯೂ ನಗುತ್ತಿದ್ದರು, ಮೂಸುತ್ತಲೇ.

ಹಾಗೆ ಬಂದದ್ದು ಏನೇನಾಯಿತು ಅಂತ ಹೇಳಲಿ! ತೊಟ್ಟಿಲಿನ ಅಡ್ಡಪಟ್ಟಿಗಳು ಗೋಡೆಯ ಮೇಲೆ ಪುಸ್ತಕ ಇಡುವ ಹಲಗೆಗಳಾದವು. ಒಡೆದ ಜಾಡಿಯ ಬಾಯಿಂದ ಮನಿಪ್ಲಾಂಟ್ ಹೊರಗೆ ಇಳಿಯಿತು. ತಂಬಾಕು ಕಟ್ಟುವ ಗೋಣಿಯ ಮೇಲೆ ಉಲ್ಲನ್ನಿನಲ್ಲಿ ನವಿಲು ಕೂತಿತು. ಆ ಉಲ್ಲನ್ ಬೈಲಕುಪ್ಪೆಯದು. ಅಲ್ಲಿನ ಟಿಬೆಟಿನವರ ಕ್ಯಾಂಪಿನಲ್ಲಿ ಕಾರ್ಪೆಟ್ ನೇಯುವ ಹೆಂಗಸರು ಕತ್ತರಿಸಿ ಬಿಟ್ಟ ತುಂಡು ನೂಲನ್ನು ಅತ್ತೆ ಬಸ್ಸಿನಲ್ಲಿ ಹೋಗಿ ಚೀಲದ ತುಂಬ ತಂದು, ಗಂಟು ಹಾಕಿ ಹಾಕಿ ಉಂಡೆ ಸುತ್ತುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ರೇಡಿಯೋ. ಅವರ ಮಾವನ ಕಾಲದ ದೊಡ್ಡ ಮರದ ರೇಡಿಯೋ ಕೆಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ಒಳಗಿನ ಕರುಳನ್ನೆಲ್ಲ ತೆಗೆದು, ಉಜ್ಜಿ, ಪಾಲಿಶ್ ಕೊಟ್ಟು ಅದರೊಳಗೆ ದೇವರ ಪಟಗಳನ್ನು ಕೂರಿಸಿದರು. ಸ್ಟೇಷನ್ ತೋರಿಸುವ ಗಾಜಿನ ಹಿಂದೆ ಪುಟ್ಟ ಬಲ್ಬು ಉರಿಯುತ್ತಿತ್ತು. ನಮ್ಮಪ್ಪ, "ಏನು ದೇವೀರಮ್ಮ, ಮೈಸೂರು ಸ್ಟೇಷನ್ನಿಗೆ ತಿರುಗಿಸಿದ್ರೆ ಚಾಮುಂಡಿ ಬತ್ತಾಳಾ?" ಎಂದು ಕೇಳಿದರೆ, "ಬಂದೇ ಬತ್ತಾಳೆ ಕಣ್ ಬನ್ನಿ. ಗರಗರ ಅನ್ನದಂಗೆ ನೀವು ಕೈ ಮುಗೀಬೇಕು ಅಷ್ಟೆ" ಎಂದರು.

ಚಿಕ್ಕಣ್ಣ ಮಾವನಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಿಲ್ಲಿನಿಂದ ಬಂದು ಜಗಲಿಯ ಮೇಲೆ ಕೂತು ದೂರುತ್ತಿದ್ದರು: "ಇವ್ಳ ಮುಂದೆ ಜಾಸ್ತಿ ಹೊತ್ತು ಅಲ್ಲಾಡ್ದಂಗೆ ಕುಂತ್ಕಬಾರ್ದು ಕಣ್ರಪ್ಪ. ನನ್ನೂ ಉಜ್ಜಿ ಸ್ಟೂಲ್ ಮಾಡ್ಬುಡ್ತಾಳೆ." ಒಳಗಿನಿಂದ ಅತ್ತೆಯ ಉತ್ತರ ಯಾವಾಗಲೂ ಒಂದೇ. "ಎಸೆಯೋಕೇನು, ಕೈ ಬುಟ್ರೆ ಬೀಳ್ತದೆ. ಇಟ್ಕೊಳೋದೇ ಕಷ್ಟ."

ಇವೆಲ್ಲಕ್ಕಿಂತ ಬೀದಿಯವರು ಅವರ ಬಾಗಿಲು ತಟ್ಟುತ್ತಿದ್ದದ್ದು ಬೊಂತೆಗೆ. ಉತ್ತರದ ಕಡೆಯವರು ಕೌದಿ ಎನ್ನುವುದನ್ನು ನಮ್ಮ ಕಡೆ ಬೊಂತೆ ಅನ್ನುತ್ತಾರೆ. ಹಳೆಯ ಬಟ್ಟೆಗಳನ್ನು ಕತ್ತರಿಸಿ, ಚೂರು ಚೂರು ಜೋಡಿಸಿ, ಪದರ ಪದರ ಹಾಕಿ ಕೈಯಲ್ಲೇ ಹೊಲಿಯುವುದು. ಬಾಣಂತಿಗೆ, ಕೂಸಿಗೆ, ಹಾಸಿಗೆ ಹಿಡಿದ ಮುದುಕರಿಗೆ ಅತ್ತೆಯ ಬೊಂತೆಯೇ ಆಗಬೇಕು. ಯಾರು ಬಂದು ಕೇಳಿದರೂ ಅವರು ಇಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ.

ಅತ್ತೆಯ ಮನೆಗೆ ನನ್ನಷ್ಟೇ ಬರುತ್ತಿದ್ದವಳು ಶ್ವೇತಾ. ಎದುರು ಸಾಲಿನ ಸರೋಜಕ್ಕನ ಮಗಳು, ನಾಲ್ಕನೆಯ ತರಗತಿ, ನನ್ನ ಪಾಠಕ್ಕೂ ಬರುತ್ತಿದ್ದಳು. ಅಪ್ಪ ನಾಗರಾಜಣ್ಣ ಬಸ್ ಕಂಡಕ್ಟರ್. ಒಬ್ಬ ತಮ್ಮ, ಇನ್ನೂ ಸರಿಯಾಗಿ ಮಾತು ಬಾರದ ಪುಟ್ಟ. ಸ್ಕೂಲು ಬಿಟ್ಟ ಕೂಡಲೇ ಚೀಲವನ್ನು ನಮ್ಮ ಜಗಲಿಗೆ ಎಸೆದು ಅತ್ತೆಯ ಮನೆಗೆ ಓಡುವಳು. ಅಲ್ಲಿ ಹಾರ್ಲಿಕ್ಸ್ ಬಾಟಲಿಯೊಳಗಿನ ಮಣಿಗಳನ್ನು ಚಾಪೆಯ ಮೇಲೆ ಸುರಿದು ಬಣ್ಣ ಬಣ್ಣ ಬೇರೆ ಮಾಡುವುದು, ಆಮೇಲೆ ಮತ್ತೆ ಕಲಸುವುದು. "ಯಾಕೆ ಕಲಸ್ತೀಯೆ?" ಎಂದರೆ, "ನಾಳೆ ಏನ್ ಮಾಡ್ಲಿ ಮತ್ತೆ?" ಎನ್ನುವಳು. ಅತ್ತೆ ಬೈಲಕುಪ್ಪೆಯ ಉಲ್ಲನ್ನಿನಲ್ಲಿ ಅವಳಿಗೊಂದು ಸ್ವೆಟರ್ ಹೆಣೆದು ಕೊಟ್ಟಿದ್ದರು. ಏಳೆಂಟು ಬಣ್ಣದ್ದು, ಒಂದು ತೋಳು ಇನ್ನೊಂದರ ಹಾಗಿರಲಿಲ್ಲ. ಬೇಸಿಗೆಯಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ ಆ ಹುಡುಗಿ.

ಆ ವರ್ಷದ ಮಳೆಗಾಲಕ್ಕೆ ಮುಂಚೆ ಶ್ವೇತಾಗೆ ಜ್ವರ ಬಂತು. ಮೊದಲು ಮಾತ್ರೆ ಕೊಟ್ಟರು, ಆಮೇಲೆ ಇಂಜೆಕ್ಷನ್. ಜ್ವರ ತಲೆಗೆ ಏರಿದೆ ಎಂದು ಮೈಸೂರಿಗೆ ಕರೆದುಕೊಂಡು ಹೋದರು. ಹೋಗುವಾಗ ಕಾರಿನ ಕಿಟಕಿಯಲ್ಲಿ ಅವಳ ಕಾಲು ಮಾತ್ರ ಕಂಡಿತು. ಆ ವಾರ ಕಳೆಯುವ ಮೊದಲೇ ಅವಳನ್ನು ತಂದು ಜಗಲಿಯ ಮೇಲೆ ಮಲಗಿಸಿದರು. ಮಕ್ಕಳನ್ನು ಕಳೆದುಕೊಂಡವರಿಗೆ ಏನು ಹೇಳಬೇಕೋ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದವರು ಹೇಳಿದರು. ಅತ್ತೆ ಸರೋಜಕ್ಕನ ಪಕ್ಕದಲ್ಲೇ ಕೂತಿದ್ದರು.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಸರೋಜಕ್ಕ ದಿಂಬಿನ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದಳು. ನಾನು ಅಲ್ಲೇ ಇದ್ದೆ. ಅವಳು ಕೂರಲಿಲ್ಲ.

"ಅತ್ತೆ, ಇವು ಅವ್ಳವು. ಕತ್ತರ್ಸಿ ಒಂದು ಬೊಂತೆ ಒಲ್ಕೊಡಿ. ನಾನು ಒದ್ಕೊಂಡು ಮಲಗ್ತೀನಿ."

ಅತ್ತೆ ಗಂಟನ್ನು ಎರಡೂ ಕೈಯಲ್ಲಿ ಈಸಿಕೊಂಡರು. ಅಭ್ಯಾಸಬಲದಿಂದ ಕೈ ಮುಖದ ತನಕ ಏರಿತು. ಅಲ್ಲೇ ತಡೆದು ಕೆಳಗಿಳಿಸಿದರು.

"ಒಗ್ದಿಲ್ಲ ಅತ್ತೆ. ನೀವೂ ಒಗೀಬ್ಯಾಡಿ" ಎಂದಳು ಸರೋಜಕ್ಕ. "ಒಗುದ್ರೆ ಅವ್ಳ ವಾಸ್ನೆ ಓಯ್ತದೆ."

"ಆಯ್ತು ಕಣವ್ವ. ಒಲ್ಕೊಡ್ತೀನಿ" ಎಂದರು ಅತ್ತೆ.

ಹೊಲಿಯಲಿಲ್ಲ. ಗಂಟು ರೇಡಿಯೋ ದೇವರ ಪಕ್ಕದ ಹಲಗೆಯ ಮೇಲೆ ಹಾಗೇ ಇತ್ತು. ಸರೋಜಕ್ಕ ಸಂಜೆ ಹೊತ್ತು ಬಂದು ಬಾಗಿಲಲ್ಲಿ ನಿಲ್ಲುವಳು. "ಶುರು ಮಾಡಿದ್ರಾ ಅತ್ತೆ?" ಅತ್ತೆ ಒಂದು ದಿನ ದಾರ ಸಿಕ್ಕಿಲ್ಲ ಎನ್ನುವರು. ಇನ್ನೊಂದು ದಿನ ಅಮಾಸೆ ಕಳೀಲಿ ಎನ್ನುವರು. ಮತ್ತೊಂದು ದಿನ ಕಣ್ಣು ಮಂಜು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಸುಳ್ಳು. ಹೇಳುವಾಗ ಸೆರಗಿನ ತುದಿ ಹಿಂಡುತ್ತಿದ್ದರು.

ಕೊನೆಗೊಂದು ದಿನ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. ಚಾಪೆಯ ಮೇಲೆ ಬಟ್ಟೆಗಳನ್ನೆಲ್ಲ ಹರಡಿದ್ದರು. ಇಂಕಿನ ಕಲೆಯಾದ ನೀಲಿ ಸ್ಕರ್ಟು. ಬಿಳಿ ಷರಟು. ಸೊಂಟಕ್ಕೆ ಎಲಾಸ್ಟಿಕ್ ಇದ್ದ ಹೂವಿನ ಫ್ರಾಕು, ಹಬ್ಬದ ಲಂಗ. ಆ ಸ್ವೆಟರು. ಅತ್ತೆ ಕತ್ತರಿ ತೆಗೆದು ಸ್ಕರ್ಟಿನ ಅಂಚಿಗೆ ಇಟ್ಟರು. ಕತ್ತರಿಯ ಬಾಯಿ ತೆರೆದೇ ಇತ್ತು, ಮುಚ್ಚಲಿಲ್ಲ. ತೆಗೆದು ಷರಟಿಗೆ ಇಟ್ಟರು. ಅದೂ ಆಗಲಿಲ್ಲ.

"ಇದ್ರಲ್ಲಿ ಇನ್ನೂ ಮೈ ಅದೆ ಕಣ್ ಮಗ" ಎಂದರು. ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. "ನೀನೇ ಮೊದಲ್ನೇದು ಆಕ್ಬುಡು. ಆಮೇಕೆ ನಾನು ನೋಡ್ಕೋತೀನಿ."

ನನಗೆ ಮಗ್ಗಿ ತಪ್ಪು ಹೇಳಿ ನಾಲಿಗೆ ಕಚ್ಚಿಕೊಳ್ಳುವ ಹುಡುಗಿ ನೆನಪಾದಳು. ನನ್ನ ಕೈಲೂ ಆಗಲಿಲ್ಲ. ಬಟ್ಟೆಗಳ ಆಚೆ ಈಚೆ ಇಬ್ಬರೂ ಕೂತಿದ್ದೆವು. ಮಾವ ಬಂದು ಬಾಗಿಲು ತಳ್ಳಿದರು. ಒಳಗಿನದನ್ನು ನೋಡಿ, ಮತ್ತೆ ಬಾಗಿಲು ಎಳೆದುಕೊಂಡು ಜಗಲಿಯಲ್ಲೇ ಕೂತರು.

ಮಾರನೆಯ ದಿನ ಬೆಳಿಗ್ಗೆ ಗೋಡೆಯ ಆಚೆಯಿಂದ ಅತ್ತೆ ಕೂಗಿದರು. ಹೋಗಿ ನೋಡಿದರೆ ನೆಲದ ಮೇಲೆ ತಮ್ಮದೇ ಹಳೆಯ ನೂಲಿನ ಸೀರೆಯೊಂದನ್ನು ಮಡಿಸಿ ಹಾಸಿ, ಅದರ ಮೇಲೆ ಶ್ವೇತಾಳ ಬಟ್ಟೆಗಳನ್ನು ಇಡಿಯಾಗಿಯೇ ಜೋಡಿಸಿದ್ದರು. ಷರಟಿನ ಗುಂಡಿ ಹಾಕಿ, ಸ್ಕರ್ಟಿನ ನೆರಿಗೆ ತಿದ್ದಿ, ಸ್ವೆಟರಿನ ಎರಡೂ ತೋಳನ್ನು ಎದೆಯ ಮೇಲೆ ತಂದಿದ್ದರು. "ಯಾವ್ದುಕ್ಕೂ ಕತ್ತರಿ ಆಕಲ್ಲ. ಮೇಲೆ ಇನ್ನೊಂದು ಸೀರೆ ಒದ್ಸಿ, ಇಂಗೇ ಒಲ್ದುಬುಡ್ತೀನಿ" ಎಂದರು. ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ಜೀವ ಇತ್ತು.

ಮಳೆಗಾಲವೆಲ್ಲ ಅದೇ ಕೆಲಸ. ಮೊದಲು ಒಂದೊಂದು ಬಟ್ಟೆಯ ಸುತ್ತ ಒತ್ತಾಗಿ ಹೊಲಿಗೆ, ಆಮೇಲೆ ಇಡೀ ಬೊಂತೆಗೆ ಸಾಲು ಸಾಲು. ಮುಗಿದಾಗ ಮೇಲಿನಿಂದ ನೋಡಿದರೆ ಏನೂ ಇಲ್ಲ, ಒಂದು ಸಾದಾ ಬೊಂತೆ. ಅತ್ತೆ ನನ್ನ ಕೈ ಹಿಡಿದು ಅದರ ಮೇಲೆ ಆಡಿಸಿದರು. ಬೆರಳಿಗೆ ಕಾಲರು ಸಿಕ್ಕಿತು. ಗುಂಡಿ ಸಿಕ್ಕಿತು. ನೆರಿಗೆ, ಎಲಾಸ್ಟಿಕ್ಕಿನ ಸುಕ್ಕು, ಸ್ವೆಟರಿನ ದಪ್ಪ ತೋಳು. ಅವರ ಕೈಯಿಂದ ಬಂದದ್ದರಲ್ಲೆಲ್ಲ ಅದೇ ಚೆನ್ನಾದದ್ದು. ನಾನು ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ.

ಸರೋಜಕ್ಕ ಬಂದು ಬೊಂತೆಯ ಮೇಲೆ ಕೈ ಇಟ್ಟಳು. ಕೈ ಮೆಲ್ಲಗೆ ಸರಿದು ಗುಂಡಿಯ ಸಾಲಿನಲ್ಲಿ ನಿಂತಿತು. "ಶ್ವೇತೂ" ಎಂದಳು. ಮಗಳು ಹೋದ ಮೇಲೆ ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು ಎಂದು ಆಮೇಲೆ ನಾಗರಾಜಣ್ಣ ಹೇಳಿದ. ಬೊಂತೆಯನ್ನು ಅವುಚಿಕೊಂಡು ಮನೆಗೆ ಹೋದಳು. ಅವತ್ತು ಅತ್ತೆ ಒತ್ತು ಶಾವಿಗೆ ಮಾಡಿ ನಮ್ಮ ಮನೆಗೂ ಕೊಟ್ಟು ಕಳಿಸಿದರು.

ದಸರೆ ಕಳೆದ ಮೇಲೆ ನಾಗರಾಜಣ್ಣ ಬಂದ, ಖಾಕಿ ಬಟ್ಟೆಯಲ್ಲೇ. ಗಡ್ಡ ಬಿಟ್ಟಿದ್ದ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಬೊಂತೆ ವಾಪಸ್ ಈಸ್ಕೊಂಡ್ಬುಡಿ."

"ಯಾಕಪ್ಪ, ಏನಾಯ್ತು?"

"ಬೆಳಗಿಂದ ಸಂಜೆ ಗಂಟ ಅದ್ರ ಮಗ್ಗುಲಲ್ಲೇ ಮಲಗವ್ಳೆ. ಒಲೆ ಅಚ್ಚಲ್ಲ. ಪುಟ್ಟ ಅತ್ರೆ, ಅಕ್ಕ ಮಲಗವ್ಳೆ, ಸದ್ದು ಮಾಡ್ಬ್ಯಾಡ ಅಂತ ಅವನ ಬಾಯಿ ಮುಚ್ತಾಳೆ. ನಾನು ಡ್ಯೂಟಿಗೆ ಎಂಗ್ ಹೋಗ್ಲಿ ಅತ್ತೆ?"

ಅತ್ತೆಯ ಜೊತೆ ನಾನೂ ಹೋದೆ. ನಡುಮನೆಯಲ್ಲಿ ಸರೋಜಕ್ಕ ಒಂದು ಮಗ್ಗುಲಾಗಿ ಮಲಗಿದ್ದಳು, ಒಂದು ಕೈ ಬೊಂತೆಯ ಮೇಲೆ. ನಮ್ಮನ್ನು ಕಂಡು ಬೆರಳನ್ನು ತುಟಿಗೆ ಒತ್ತಿದಳು. "ಮೆಲ್ಲಗೆ ಬನ್ನಿ ಅತ್ತೆ. ಈಗ್ತಾನೆ ನಿದ್ದೆ ಬಂದದೆ" ಎಂದಳು. ಮುಖದಲ್ಲಿ ನಗು ಇತ್ತು. ಪುಟ್ಟ ಬಾಗಿಲ ಮೂಲೆಯಲ್ಲಿ ಹಸಿ ಅವರೆಕಾಯಿ ಕಡಿಯುತ್ತ ಕೂತಿದ್ದ.

ಅತ್ತೆ ಅವಳ ಪಕ್ಕದಲ್ಲಿ ಕೂತರು. ಕೈ ಚಾಚಿ ಬೊಂತೆಯ ಅಂಚು ಹಿಡಿದರು. ಸರೋಜಕ್ಕ ಅವರ ಮುಖವನ್ನೇ ನೋಡಿದಳು. ಅತ್ತೆ ಅಂಚನ್ನು ಎಳೆಯಲಿಲ್ಲ. ಸರಿಯಾಗಿ ಹೊದಿಸಿದರು. ಎದ್ದು ಹೋಗಿ ಒಲೆ ಹಚ್ಚಿ, ಅನ್ನ ಮಾಡಿ, ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣಿಸಿದರು. ಮನೆಗೆ ಬಂದ ಮೇಲೆ ನೀರು ಕುಡಿದು, "ನಾನೇ ಮಾಡಿ ಕೊಟ್ಟೆ. ಈಗ ನಾನೇ ಎಂಗ್ ಕಿತ್ಕೊಳ್ಳಿ?" ಎಂದರು. ಅಲ್ಲಿಂದ ಮುಂದೆ ದಿನವೂ ಮಧ್ಯಾಹ್ನ ಅಲ್ಲಿ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದರು. ಬೊಂತೆಯ ಮಾತು ಎತ್ತಲಿಲ್ಲ. ಎತ್ತಲು ಆಗಲಿಲ್ಲ ಎಂದರೇ ಸರಿ.

ಕೊನೆಗೆ ನಾಗರಾಜಣ್ಣ ಓಡಾಡಿ ಕೆ.ಆರ್. ನಗರಕ್ಕೆ ವರ್ಗ ಮಾಡಿಸಿಕೊಂಡ. ಸರೋಜಕ್ಕನ ತಾಯಿಯ ಮನೆ ಅಲ್ಲೇ ಇತ್ತು. ಸಾಮಾನು ತುಂಬಿದ ಲಾರಿಯ ಮುಂದಿನ ಸೀಟಿನಲ್ಲಿ ಸರೋಜಕ್ಕ ಬೊಂತೆಯನ್ನು ಭುಜಕ್ಕೆ ಒರಗಿಸಿಕೊಂಡು, ನಿದ್ದೆ ಮಾಡುವ ಮಗುವನ್ನು ಎತ್ತಿಕೊಂಡ ಹಾಗೆ ಕೂತಿದ್ದಳು. ಅತ್ತೆ ಲಾರಿಯ ತನಕ ಹೋಗಲಿಲ್ಲ. ಕಿಟಕಿಯ ಸರಳು ಹಿಡಿದು ಒಳಗೇ ನಿಂತಿದ್ದರು.

ಅದಾದ ಮೇಲೆ ಅತ್ತೆ ಹೊಸದೇನೂ ಮಾಡಲಿಲ್ಲ. ಬೊಂತೆ ಕೇಳಿಕೊಂಡು ಬಂದವರಿಗೆ, "ಆಗಕಿಲ್ಲ ಕಣವ್ವ" ಎಂದು ಹೇಳಲು ಕಲಿತರು. ಬಾಷಾ ಭಾಯಿ ಹೇಳಿ ಕಳಿಸಿದರೆ ಹೋಗಿ ನೋಡಿ, ಸಾಮಾನಿನ ಮೇಲೆ ಕೈ ಆಡಿಸಿ, "ಇರ್ಲಿ ಬುಡಪ್ಪ" ಎಂದು ಬಂದುಬಿಡುವರು. ಜಾಗ ಸಾಲದೆಂದು ಜಗಳವಾಡುತ್ತಿದ್ದ ಚಿಕ್ಕಣ್ಣ ಮಾವ ಈಗ ತಾವೇ ಮಿಲ್ಲಿನಿಂದ ತುಂಡು ಮರ ತರತೊಡಗಿದರು. ಹೆಂಡತಿಯ ಮುಂದೆ ಇಟ್ಟು, "ನೋಡು, ತೇಗದ್ದು. ಚೆನ್ನಾಗದೆ, ಏನಾರ ಮಾಡು" ಎನ್ನುವರು. ಅತ್ತೆ ತೆಗೆದು ಪಕ್ಕಕ್ಕಿಡುವರು. ಜಗಲಿಯ ಮೂಲೆಯಲ್ಲಿ ತೇಗದ ತುಂಡುಗಳು ಸೌದೆಯ ಹಾಗೆ ಬೆಳೆದವು. ಮಾವ ಆದರೂ ತರುವುದನ್ನು ಬಿಡಲಿಲ್ಲ.

ಮುಂದಿನ ವರ್ಷ, "ನಡಿ, ಒಂದ್ಸಲ ನೋಡ್ಕಂಡು ಬರಾನ" ಎಂದು ನನ್ನನ್ನು ಕರೆದುಕೊಂಡು ಕೆ.ಆರ್. ನಗರಕ್ಕೆ ಹೊರಟರು. ನಾಗರಾಜಣ್ಣ ಜಗಲಿಯಲ್ಲಿ ಚಾಪೆ ಹಾಕಿದ. ಪುಟ್ಟ ಉದ್ದವಾಗಿದ್ದ, ನಮ್ಮ ಗುರುತು ಅವನಿಗೆ ಹತ್ತಲಿಲ್ಲ. ಸರೋಜಕ್ಕ ಹೊರಗೆ ಬರಲಿಲ್ಲ. ನಾಗರಾಜಣ್ಣ ಒಳಗೆ ಹೋಗಿ ಬಂದು, ತಲೆ ತಗ್ಗಿಸಿ, "ನೀವು ಬಂದಿದ್ದೀರ ಅಂದೆ ಅತ್ತೆ. ಆ ಕಡೆ ತಿರುಕ್ಕೊಂಡ್ಲು" ಎಂದ. ಸರೋಜಕ್ಕನ ತಾಯಿ ಕಾಫಿ ಕೊಟ್ಟರು. ಕುಡಿದು ಎದ್ದೆವು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹುಣಸೂರು ಹತ್ತಿರವಾದಾಗ ಇತ್ತ ತಿರುಗಿದರು.

"ಕತ್ತರಿ ಆಕ್ಬೇಕಿತ್ತು ಕಣ್ ಮಗ. ಆಕಿದ್ರೆ ಚೂರು ಚೂರಾಗಿರೋದು. ಚೂರಾಗಿದ್ರೆ ಅವ್ಳಿಗೆ ಗೊತ್ತಾಗಿರೋದು."

ಹಾಗಲ್ಲ ಅತ್ತೆ, ಎಂದೆ. ಹಾಗಲ್ಲದಿದ್ದರೆ ಹೇಗೆ ಎಂದು ಅವರು ಕೇಳಲಿಲ್ಲ, ನನಗೂ ತಿಳಿದಿರಲಿಲ್ಲ.

ನನಗೆ ಪಿರಿಯಾಪಟ್ಟಣಕ್ಕೆ ಮದುವೆಯಾಯಿತು, ಅಲ್ಲೇ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ತವರಿಗೆ ಬಂದಾಗಲೆಲ್ಲ ಅತ್ತೆಯ ಮನೆಗೆ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ನನ್ನ ಗಂಡನ ಮನೆಯ ಅಟ್ಟದಲ್ಲಿ ಸಿಕ್ಕಿದ ಹಿತ್ತಾಳೆ ಮೂಲೆಯ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಹೋಗಿದ್ದೆ. ಇದನ್ನಾದರೂ ನೋಡಿ ಕೈಗೆ ಉಜ್ಜುಗಾಗದ ತೆಗೆದುಕೊಳ್ಳುತ್ತಾರೇನೋ ಎಂಬ ಆಸೆ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗದೆ. ಅಂಗೇ ಇರ್ಲಿ ಬುಡು, ಏನೂ ಮಾಡ್ಬ್ಯಾಡ" ಎಂದು ನನ್ನ ತೊಡೆಯ ಮೇಲಿಟ್ಟರು. ಆಮೇಲೆ ನನ್ನ ಮಗಳ ಬಗ್ಗೆ ಕೇಳಿದರು. ಆ ಚಳಿಗಾಲದಲ್ಲೇ ಒಂದು ಮಧ್ಯಾಹ್ನ ಊಟವಾದ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ತಿಥಿಯ ದಿನ ಬೀದಿಯವರೆಲ್ಲ ಸೇರಿದ್ದೆವು. ಹಿತ್ತಿಲಲ್ಲಿ ತರಕಾರಿ ಹೆಚ್ಚುವ ಹೆಂಗಸರ ನಡುವೆ ಒಬ್ಬಳು ಬಂದು, ಖಾಲಿಯಿದ್ದ ಈಳಿಗೆ ಮಣೆ ಎಳೆದುಕೊಂಡು ಕುಂಬಳಕಾಯಿ ಹೆಚ್ಚತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ನನಗೆ ಗುರುತು ಸಿಕ್ಕಿತು. ಸರೋಜಕ್ಕ. ತಲೆಯ ಮುಂಭಾಗವೆಲ್ಲ ಬೆಳ್ಳಗಾಗಿತ್ತು. ಹೇಗಿದ್ದೀಯ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಎಲ್ಲರ ಜೊತೆ ಕೆಲಸ ಮಾಡಿದಳು, ಎಲ್ಲರ ಜೊತೆ ಉಂಡಳು. ಹೊರಡುವ ಮುಂಚೆ ಅತ್ತೆಯ ಸೊಸೆಯ ಹತ್ತಿರ ಬಂದಳು.

"ಅತ್ತೇದು ಒಂದು ಹಳೇ ಸೀರೆ ಇದ್ರೆ ಕೊಡವ್ವ."

ಸೊಸೆ ನನ್ನ ಮುಖ ನೋಡಿದಳು. ಸರೋಜಕ್ಕನೇ ಹೇಳಿದಳು: "ಆ ಬೊಂತೆ ಈಗ ಪುಟ್ಟ ಒದ್ಕೋತಾನೆ, ಚಳಿಗೆ. ಗುಂಡಿ ಚುಚ್ತದೆ ಕಣಮ್ಮ ಅಂತಾನೆ. ಮೇಲಿನ ಸೀರೆ ಹರಿದೋಗ್ಯದೆ. ಅದ್ರ ಮೇಲೆ ಅತ್ತೇದೇ ಒಂದು ಆಕಿ ಒಲಿಯಾನ ಅಂತ."

ಸೊಸೆ ಒಳಗೆ ಹೋದಳು. ನಾನೂ ಹೋದೆ. ಬೀರು ತೆಗೆದು, ಟ್ರಂಕುಗಳನ್ನು ತೆಗೆದು, ಅಟ್ಟದ ಗಂಟುಗಳನ್ನು ಇಳಿಸಿ ಹುಡುಕಿದೆವು. ಅತ್ತೆ ಉಟ್ಟು ಹಳತಾದ ಸೀರೆ ಒಂದೂ ಇರಲಿಲ್ಲ. ಬೀದಿಯ ಬಾಣಂತಿಯರಿಗೆ, ಕೂಸುಗಳಿಗೆ ಎಲ್ಲವನ್ನೂ ಯಾವತ್ತೋ ಹೊಲಿದು ಕೊಟ್ಟುಬಿಟ್ಟಿದ್ದರು. ಕೊನೆಗೆ ಉಳಿದಿದ್ದ ಒಂದೆರಡನ್ನು ಶಾಸ್ತ್ರದ ಪ್ರಕಾರ ಅವರ ಜೊತೆಗೇ ಕಳಿಸಿ ಆಗಿತ್ತು. ಬೀರುವಿನಲ್ಲಿದ್ದದ್ದು ಮಗ ತಂದುಕೊಟ್ಟಿದ್ದ ರೇಷ್ಮೆ ಸೀರೆಗಳು, ಮಡಿಕೆ ಬಿಚ್ಚಿರಲಿಲ್ಲ. ಸೊಸೆ ಅದರಲ್ಲೇ ಒಂದನ್ನು ತಂದು ಚಾಚಿದಳು.

ಸರೋಜಕ್ಕ ಅದನ್ನು ಮುಟ್ಟಿ ನೋಡಿ ಹಿಂದಕ್ಕೆ ತಳ್ಳಿದಳು. "ಹೊಸ್ದು ಬ್ಯಾಡ ಕಣವ್ವ. ಅವ್ರು ಉಟ್ಟಿರ್ಬೇಕು."

ಬಸ್ ಸ್ಟ್ಯಾಂಡಿನ ತನಕ ಅವಳ ಜೊತೆ ನಡೆದೆ. ಒಂದು ಸಲ, ಅವರು ಇದ್ದಾಗ ಒಂದೇ ಒಂದು ಸಲ ಬಂದು, ಬೊಂತೆಯನ್ನು ಪುಟ್ಟ ಹೊದೆಯುತ್ತಾನೆ ಎಂಬ ಈ ಮಾತು ಹೇಳಬಾರದಿತ್ತೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಸ್ಟ್ಯಾಂಡು ಬಂತು. ಕೆ.ಆರ್. ನಗರದ ಬಸ್ಸು ನಿಂತಿತ್ತು. ಸರೋಜಕ್ಕ ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವಾಗ ಹೊರಗೆ ಬಗ್ಗಿ, "ಬರಾನ ಬರಾನ ಅಂತ್ಲೇ ಇದ್ದೆ ಕಣವ್ವ" ಎಂದಳು. ಇನ್ನೂ ಏನೋ ಹೇಳಿದಳು. ಇಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ನಾನು ಕೇಳಿಸಿದವಳ ಹಾಗೆ ತಲೆಯಾಡಿಸಿದೆ.